ಸುದ್ದಿ ಹೇಳಿದವಳು

ಘಾನಾದ ಕುಮಾಸಿಯಲ್ಲಿ ಸಾಯುವುದು ಸುಲಭ, ಸತ್ತ ಮೇಲಿನ ಕೆಲಸವೇ ದೊಡ್ಡದು. ಬದುಕಿದ್ದಾಗ ಕೆಮ್ಮಿಗೆ ಔಷಧಿ ತಂದುಕೊಡದ ಸೋದರಳಿಯಂದಿರು ಸತ್ತ ಮೇಲೆ ಆಳೆತ್ತರದ ಚಿತ್ರ ಅಚ್ಚು ಹಾಕಿಸುತ್ತಾರೆ, ಶಾಮಿಯಾನ ಕಟ್ಟಿಸುತ್ತಾರೆ, ಮನೆಮಂದಿಗೆಲ್ಲ ಕಪ್ಪು ಕೆಂಪು ಬಟ್ಟೆ ಹೊಲಿಸುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹೊರಗಿನವರು ನಗುತ್ತಾರೆ. ನಗಲಿ. ಶನಿವಾರ ಬಂತೆಂದರೆ ಅವರೂ ಅದೇ ಶಾಮಿಯಾನದಲ್ಲಿ ಕೂತು ಉಣ್ಣುತ್ತಾರೆ.

ಡೂಫಿಯ ಹೊಟ್ಟೆ ಹೊರೆದದ್ದೂ ಆ ಚಿತ್ರಗಳೇ. ಆದುಮ್ ಪೇಟೆಯ ಒಂದು ಅಚ್ಚುಕೂಟದಲ್ಲಿ ಕಂಪ್ಯೂಟರ್ ಮುಂದೆ ಕೂತು ಸತ್ತವರ ಮುಖ ತಿದ್ದುವುದು ಅವಳ ಕೆಲಸ. ಕೆನ್ನೆ ತುಂಬಿಸಬೇಕು, ಕಣ್ಣಿಗೆ ಬೆಳಕು ಕೊಡಬೇಕು, ಇಲ್ಲದ ಚಿನ್ನದ ಸರ ಹಾಕಬೇಕು. ಓರಗೆಯವರು 'ಹೆಣಕ್ಕೆ ಪೌಡರ್ ಹಚ್ಚೋಳು' ಎಂದು ಆಡಿಕೊಳ್ಳುತ್ತಿದ್ದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಗಮನವೆಲ್ಲ ಫೋನಿನ ಕಡೆಗಿತ್ತು. ಲಂಡನ್, ಹ್ಯಾಂಬರ್ಗ್, ಟೊರಾಂಟೊಗಳಿಂದ ದಿನವೂ ಯಾರೋ ಒಬ್ಬರು ಕರೆ ಮಾಡಿ, ಚಿತ್ರ ಕಳಿಸಮ್ಮ, ದಿನ ಯಾವುದು ಹೇಳಮ್ಮ, ಬರೋಕಾಗಲ್ಲ, ಅಲ್ಲಿಂದಲೇ ನೋಡೋಕಾಗುತ್ತಾ ಎಂದು ಗೋಳಾಡುತ್ತಿದ್ದರು. ಅಚ್ಚುಕೂಟದ ಯಜಮಾನನಿಗೆ ಅದು ಕಿರಿಕಿರಿ. ಡೂಫಿಗೆ ಅದರಲ್ಲೊಂದು ಅಂಗಡಿ ಕಂಡಿತು.

ಮೊಬೈಲ್ ಕಂಪನಿಯ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ ನ್ಟಿಮ್ ಎಂಬ ಪರಿಚಯದವನನ್ನು ಜೊತೆಗೆ ಹಾಕಿಕೊಂಡು ಅವಳು 'ದಾಮಿರಿಫಾ' ಶುರು ಮಾಡಿದಳು. ಸಾವಿನ ಮನೆಯಲ್ಲಿ ಸಂತಾಪ ಹೇಳುವ ಮಾತೇ ಆ ಜಾಲತಾಣದ ಹೆಸರು. ಮನೆಯವರು ವಿವರ ಕೊಟ್ಟರೆ ಸಾವಿನ ಪ್ರಕಟಣೆ ಏರುತ್ತಿತ್ತು, ಆ ಊರು, ಆ ಮನೆತನದ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗೆಲ್ಲ ಫೋನಿಗೆ ಸುದ್ದಿ ಹೋಗುತ್ತಿತ್ತು, ಶನಿವಾರದ ಕಾರ್ಯವನ್ನು ದೂರದವರು ಕೂತಲ್ಲೇ ನೋಡುತ್ತಿದ್ದರು. ನಡುವೆ ಒಂದೇ ಒಂದು ತಡೆ ಇತ್ತು. ಪ್ರಕಟಣೆ ಏರುವ ಮೊದಲು ಡೂಫಿ ಮನೆತನದ ಹಿರಿಯನಿಗೆ ತಾನೇ ಫೋನು ಮಾಡಿ, "ನಾನಾ, ನಿಮಗೆ ತಿಳಿಸಿದಾರಾ? ಹಾಕಲಾ?" ಎಂದು ಕೇಳುತ್ತಿದ್ದಳು. ಹಿರಿಯರನ್ನು ಅಲ್ಲಿ ಕರೆಯುವುದೇ ನಾನಾ ಎಂದು. ಅಲ್ಲಿನ ಅಶಾಂಟಿ ಜನಾಂಗದವರದ್ದು ಅಳಿಯಕಟ್ಟು. ಹೆಣ ಹೆಂಡತಿಯದ್ದಲ್ಲ, ಮಕ್ಕಳದ್ದಲ್ಲ, ತಾಯಿಯ ಕಡೆಯ ಮನೆತನದ್ದು. ಹಿರಿಯನ ಮುಂದೆ ಶ್ನಾಪ್ಸ್ ಮದ್ಯದ ಸೀಸೆಯಿಟ್ಟು ತಿಳಿಸುವ ತನಕ ಸತ್ತವನು ಸತ್ತಿಲ್ಲ, ಹುಷಾರಿಲ್ಲ ಅಷ್ಟೆ. ಇದನ್ನು ಕುಮಾಸಿಯ ಎಳೆಗೂಸಿಗೂ ಹೇಳಿಕೊಡಬೇಕಾಗಿಲ್ಲ.

ವ್ಯಾಪಾರ ಕುದುರಿತು. ರಾಜಧಾನಿ ಆಕ್ರಾದಿಂದ ಹೂಡಿಕೆದಾರರು ಬಂದರು. ತಂಪು ಕೋಣೆಯಲ್ಲಿ ಕೂರಿಸಿ ಗೋಡೆಯ ಮೇಲೆ ಗೆರೆಗಳನ್ನು ತೋರಿಸಿದರು. ಪ್ರಕಟಣೆ ಹಾಕಲು ಶುರು ಮಾಡಿದವರಲ್ಲಿ ಅರ್ಧ ಜನ ನಿಮ್ಮ ಫೋನಿಗೆ ಕಾದು ಕಾದು ಬೇಸತ್ತು ಬಿಟ್ಟುಹೋಗುತ್ತಾರೆ. ಆ ಫೋನು ತೆಗೆಯಿರಿ, ಆಮೇಲೆ ದಾಮಿರಿಫಾ ಲಾಗೋಸಿಗೂ ಹೋಗುತ್ತದೆ, ಅಬಿಜಾನಿಗೂ ಹೋಗುತ್ತದೆ ಎಂದರು.

"ಅಕ್ಕಾ, ಅವರು ಹೇಳೋದೂ ಸರಿನೇ. ಮುದುಕರು ಫೋನೇ ಎತ್ತಲ್ಲ, ಎತ್ತಿದ್ರೆ ಇಡಲ್ಲ," ಎಂದ ನ್ಟಿಮ್.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಡೂಫಿಗೆ ಬುದ್ಧಿ ಇತ್ತು, ತಿಳಿವಳಿಕೆಯೂ ಇತ್ತು. ತಿಳಿದೂ ತಿಳಿದೂ ತಡೆಯನ್ನು ತೆಗೆಸಿದಳು.

ಬಂತಾಮಾ ಬಡಾವಣೆಯ ಬೆದಿಯಾಕೋ ಎಂಬ ನಿವೃತ್ತ ಮೇಷ್ಟ್ರು ಒಂದು ಸೋಮವಾರ ಆಸ್ಪತ್ರೆಯಲ್ಲಿ ತೀರಿಕೊಂಡರು. ಹ್ಯಾಂಬರ್ಗಿನಲ್ಲಿದ್ದ ಮಗನಿಗೆ ಆಸ್ಪತ್ರೆಯಿಂದಲೇ ಯಾರೋ ತಿಳಿಸಿದರು. ಆತ ಅತ್ತ, ಅತ್ತು ಮುಗಿಸಿ ಏನಾದರೂ ಮಾಡಬೇಕೆನಿಸಿ ದಾಮಿರಿಫಾ ತೆರೆದು ಅಪ್ಪನ ಫೋಟೋ ಹಾಕಿದ, ಮುಖ್ಯ ಶೋಕಾರ್ಥಿ ಎಂಬಲ್ಲಿ ತನ್ನ ಹೆಸರು ಹಾಕಿದ. ಕೇಳುವವರು ಯಾರೂ ಇರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸುದ್ದಿ ಬಂತಾಮಾ ತುಂಬ ಹರಡಿತು.

ಮೇಷ್ಟ್ರ ಅಕ್ಕ ಪೊಕುವಾ ಆಗ ಸಂತೆಯಲ್ಲಿದ್ದರು. ತಮ್ಮನಿಗೆ ಆಸ್ಪತ್ರೆಗೆ ಸಾರು ಮಾಡಿಕೊಂಡು ಹೋಗಲು ಟೊಮ್ಯಾಟೊ ಆರಿಸುತ್ತಿದ್ದರು. ಟೊಮ್ಯಾಟೊದವಳು ಫೋನು ನೋಡಿ, "ಅಯ್ಯೋ ಮಾಮೆ, ನಿಮ್ಮ ಮೇಷ್ಟ್ರು!" ಎಂದು ಎದೆ ಬಡಿದುಕೊಂಡಳು.

ಮುದುಕಿ ಬೀಳಲಿಲ್ಲ, ಅಳಲಿಲ್ಲ. ಟೊಮ್ಯಾಟೊ ಕೊಂಡು ಮನೆಗೆ ಬಂದು ಸಾರು ಮಾಡಿದರು.

ಮನೆತನದ ಹಿರಿಯ ನಾನಾ ಬಾದು ಓಡಿಬಂದು, ನಾಲ್ಕು ಜನರನ್ನು ಕೂರಿಸಿಕೊಂಡು, ಕ್ರಮ ಪ್ರಕಾರ ತಿಳಿಸಲು ನೋಡಿದರು. ಪೊಕುವಾ ಕೈ ಅಡ್ಡ ಹಿಡಿದರು.

"ನಿಂಗೆ ಯಾರು ಹೇಳಿದ್ರು?"

"ಫೋನಲ್ಲಿ ಬಂತು, ಅಕ್ಕಾ."

"ಹಂಗಾದ್ರೆ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಮೊದಲು ಹೇಳಿದೋರು ಯಾರೋ ಅವರೇ ಬಂದು ಹೇಳ್ಲಿ. ಅಲ್ಲೀವರೆಗೂ ನನ್ನ ತಮ್ಮ ಆಸ್ಪತ್ರೇಲಿದಾನೆ."

ಮಾತು ಅಲ್ಲಿಗೆ ನಿಂತಿತು. ಒಡಹುಟ್ಟಿದ ಹಿರಿಯಕ್ಕ ಒಪ್ಪದೆ ಶವಾಗಾರದಿಂದ ಹೆಣ ಹೊರಡುವಂತಿಲ್ಲ, ಶನಿವಾರ ಗೊತ್ತು ಮಾಡುವಂತಿಲ್ಲ. ಆಕೆಯೋ ದಿನವೂ ಸಾರು ಮಾಡುವುದು, ಹಿತ್ತಲಿಗೆ ಚೆಲ್ಲುವುದು, ತಾವು ಮಾತ್ರ ಒಂದು ತುತ್ತೂ ತಿನ್ನದಿರುವುದು. ಬಂತಾಮಾದ ಹಿರಿಯರೆಲ್ಲ ಸೇರಿ, ಪೊಕುವಾಗೆ ಸಮಾಧಾನ ಆಗುವ ತನಕ ಆ ಹುಡುಗಿಯ ಕೈಗೆ ಯಾವ ಮನೆಯ ಸಾವನ್ನೂ ಕೊಡಬೇಡಿ ಎಂದರು. ಮಾತು ಇಗರ್ಜಿಗಳಿಗೆ ಹೋಯಿತು, ಇಗರ್ಜಿಯಿಂದ ಊರೂರಿಗೆ. ಆ ವಾರ ದಾಮಿರಿಫಾಕ್ಕೆ ಒಂದು ಪ್ರಕಟಣೆಯೂ ಬರಲಿಲ್ಲ. ಸಾಯುವವರು ಸಾಯುತ್ತಲೇ ಇದ್ದರು.

ನ್ಟಿಮ್‌ಗೆ ಒಂದು ಉಪಾಯ ಹೊಳೆಯಿತು. "ಎಲ್ಲರಿಗೂ ಒಂದು ಕ್ಷಮಾಪಣೆ ಕಳಿಸೋಣ ಅಕ್ಕಾ. ಚೆನ್ನಾಗಿ ಬರೀತೀನಿ. ಒಂದೇ ಸಲಕ್ಕೆ ಎಲ್ರಿಗೂ ಹೋಗುತ್ತೆ."

"ಅದನ್ನೂ ಫೋನಿಗೇ ಕಳಿಸ್ತೀಯಾ? ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ?" ಎಂದಳು ಡೂಫಿ. ಬೈದದ್ದು ಅವನನ್ನೋ ತನ್ನನ್ನೋ ಅವಳಿಗೇ ಗೊತ್ತಿರಲಿಲ್ಲ.

ಆಕ್ರಾದವರಿಗೂ ಗಾಳಿ ಸುದ್ದಿ ಮುಟ್ಟಿತ್ತು. ಶುಕ್ರವಾರ ಹನ್ನೊಂದಕ್ಕೆ ಫೋನು ಮಾಡುತ್ತೇವೆ, ಎತ್ತಿ ಆಯಿತು ಅನ್ನಿ, ಹಣ ಹೂಡುವ ಒಪ್ಪಂದಕ್ಕೆ ಸಹಿಯ ಕಾಗದ ಕಳಿಸುತ್ತೇವೆ. ಇಲ್ಲವೆಂದರೆ ಇದೇ ಕೆಲಸ ಮಾಡಲು ಇನ್ನೊಬ್ಬರು ಬಾಗಿಲಲ್ಲಿ ನಿಂತಿದ್ದಾರೆ ಎಂದರು. ಶುಕ್ರವಾರ ಬೆಳಿಗ್ಗೆಯೇ ಬಂತಾಮಾಕ್ಕೆ ಹೋಗಿ ಮುದುಕಿಯ ಕಾಲು ಹಿಡಿದು ಹತ್ತೂವರೆಗೆ ಎದ್ದುಬರುವುದೆಂದು ಡೂಫಿ ಲೆಕ್ಕ ಹಾಕಿದಳು.

ಹೆಂಗಸು ಒಬ್ಬಳೇ ಹೋಗುವ ಕೆಲಸವಲ್ಲ ಅದು. ಸೋದರಮಾವನನ್ನು ಮುಂದಿಟ್ಟುಕೊಂಡು, ಎರಡು ಶ್ನಾಪ್ಸ್ ಸೀಸೆ ಹಿಡಿದು, ಕಪ್ಪು ಬಟ್ಟೆಯುಟ್ಟು ಹೋದಳು. ನಾನಾ ಬಾದು ಬಾಗಿಲಲ್ಲೇ, "ಸೀಸೆ ನನಗೆ ಸಾಕು. ಆಕೆಗೆ ಸಾಲದು," ಎಂದು ಒಳಗೆ ಕರೆದೊಯ್ದರು.

ಪೊಕುವಾ ಕುಳ್ಳು ಮಣೆಯ ಮೇಲೆ ಕೂತಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬಂದವರಿಗೆ ಕೂರಲು ಹೇಳಿ, ನೀರು ಕೊಡಿಸಿ, ಎಲ್ಲ ಮನೆಯಲ್ಲೂ ಕೇಳುವ ವಾಡಿಕೆಯಂತೆ ಕೇಳಿದರು: "ನಮ್ಮಲ್ಲೆಲ್ಲ ಸುಖ. ನೀವು ಬಂದ ವಿಷಯ ಏನು?"

ಸುಖವೆಂದರಲ್ಲ! ಡೂಫಿ ಮಾವನ ಮುಖ ನೋಡಿದಳು. ಮಾವ ಗಂಟಲು ಸರಿಮಾಡಿಕೊಂಡು, "ಈ ಹುಡುಗಿ ಒಂದು ತಪ್ಪು..." ಎಂದು ಶುರು ಮಾಡಿದ.

"ನೀನು ಸುಮ್ನಿರಪ್ಪ. ಊರಿಗೆಲ್ಲ ಹೇಳಿದೋಳಿಗೆ ಬಾಯಿ ಇದೆ. ಹೇಳು ಮಗಳೇ, ಯಾಕೆ ಬಂದೆ?"

"ತಪ್ಪಾಯ್ತು ಮಾಮೆ, ಕ್ಷಮಿಸಿ ಅಂತ ಕೇಳೋಕೆ..."

"ತಪ್ಪಿನ ಮಾತು ಆಮೇಲೆ. ಅವತ್ತು ಏನೋ ಹೇಳಿದ್ಯಂತಲ್ಲ, ಅದು ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಸಂತೇಲಿ ಗದ್ದಲ. ಈಗ ಹೇಳು."

ಎಷ್ಟು ಸಾವಿರ ಸಾವುಗಳನ್ನು ಅವಳು ಊರಿಗೆ ಮುಟ್ಟಿಸಿರಲಿಲ್ಲ! ಆದರೆ ಬಾಯಿಂದ ಒಬ್ಬರಿಗೂ ಹೇಳಿರಲಿಲ್ಲ. ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಮೇಷ್ಟ್ರಿಗೆ ತುಂಬ ದಿನದಿಂದ ಹುಷಾರಿರಲಿಲ್ಲ ಎಂದಳು. ಮುದುಕಿ ಹೂಂಗುಟ್ಟಿದರು. ವೈದ್ಯರು ಕೈಲಾದದ್ದು ಮಾಡಿದರು ಎಂದಳು. ಹೂಂ. ಸೋಮವಾರ ಬೆಳಗಿನ ಜಾವ ಉಸಿರು ಕಷ್ಟವಾಯಿತಂತೆ. ಹೂಂ. ಎದುರಿಗಿದ್ದ ಮುಖದಲ್ಲಿ ಕಣ್ಣುಗಳೆರಡೂ ಡೂಫಿಯನ್ನೇ ಬೇಡುತ್ತಿದ್ದವು, ಇನ್ನೂ ಏನಾದರೂ ಬೇರೆ ಹೇಳಬಹುದೇನೋ ಎನ್ನುವಂತೆ.

"ಮಾಮೆ, ನಿಮ್ಮ ತಮ್ಮ ಹೋಗ್ಬಿಟ್ರು."

ಪೊಕುವಾ ಹೊಟ್ಟೆಯ ತಳದಿಂದ ಕಿರುಚಿದರು. ಇಷ್ಟು ದಿನ ತಡೆಹಿಡಿದದ್ದೆಲ್ಲ ಒಟ್ಟಿಗೆ ಬಂತು. ಹೊರಗೆ ಕಾದಿದ್ದ ಹೆಂಗಸರು ಅದನ್ನು ಕೇಳಿ ತಾವೂ ದನಿ ಎತ್ತಿದರು. ನಾನಾ ಬಾದು ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಹೋಗಿ, ಬನ್ನಿ, ಸುದ್ದಿ ತಿಳಿಸಾಯಿತು, ದಿನ ನೋಡೋಣ ಎಂದು ಗಂಡಸರನ್ನು ಕರೆದರು. ಮಾವನೂ ಅವರ ಹಿಂದೆ ಎದ್ದ.

ಬಂದ ಕೆಲಸ ಮುಗಿದಿತ್ತು. ಡೂಫಿ ಚೀಲ ಹೆಗಲಿಗೇರಿಸಿ ಅರ್ಧ ಎದ್ದಳು. ಮುದುಕಿ ಅಳುತ್ತಲೇ ಕೈ ಚಾಚಿ ಅವಳ ಮಣಿಕಟ್ಟು ಹಿಡಿದರು. ಹಿಡಿತ ಗಟ್ಟಿಯಾಗಿತ್ತು.

"ಎಲ್ಲಿಗೆ? ಹೇಳಿದೋಳು ಎದ್ದು ಹೋಗೋ ಹಂಗಿಲ್ಲ. ಕೂತ್ಕೋ. ನಾನು ಅತ್ತು ಮುಗಿಸ್ತೀನಿ."

ಡೂಫಿ ಕೂತಳು. ಚೀಲದೊಳಗೆ ಫೋನು ಬಡಿದುಕೊಳ್ಳತೊಡಗಿತು. ಯಾರದೆಂದು ಗೊತ್ತಿತ್ತು. ನಿಂತಿತು, ಮತ್ತೆ ಬಡಿದುಕೊಂಡಿತು, ಮತ್ತೆ ನಿಂತಿತು. ಒಂದು ಕೈ ಮುದುಕಿಯ ಹಿಡಿತದಲ್ಲಿತ್ತು. ಇನ್ನೊಂದು ಕೈ ಬಿಡುವಾಗಿಯೇ ಇತ್ತು. ಆ ಕೈಯಿಂದ ಅವಳು ಪೊಕುವಾರ ಬೆನ್ನು ಸವರುತ್ತ ಕೂತಳು.