ಭಾವನ ವೇಗಮಿತಿ ಪಟ್ಟಿ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಫಾರ್ಮಸಿ ಕಾಲೇಜಿನಲ್ಲಿ ಇಟ್ಟ ಹೆಸರು ಜಿಪುಣಪ್ಪ. ನಾನು ಅಲ್ಲೇ ಲೈಬ್ರರಿಯಲ್ಲಿರುವುದರಿಂದ ಅವರ ಗೋಳು ಮನೆಯಲ್ಲೂ ನನಗೇ, ಕಾಲೇಜಿನಲ್ಲೂ ನನಗೇ.

ಕಾಲೇಜಿನ ಇಂಟರ್ನೆಟ್ಟೆಲ್ಲ ಹಾದುಹೋಗುವುದು ಭಾವ ನೋಡಿಕೊಳ್ಳುವ ಪ್ರಾಕ್ಸಿ ಸರ್ವರಿನ ಮೂಲಕ. ಒಬ್ಬರು ತೆರೆದ ಪುಟವನ್ನು ಅದು ಎತ್ತಿಟ್ಟುಕೊಂಡು ಮುಂದಿನವರಿಗೂ ಕೊಡುತ್ತದೆ. ನೇರ ವಿಡಿಯೊವನ್ನು ಹಾಗೆ ಎತ್ತಿಡಲಾಗದು, ಹೋದದ್ದು ಹೋಯಿತು. ಯಾರಿಗೆ ಎಷ್ಟು ವೇಗ ಎಂಬ ಪಟ್ಟಿ ಬರೆಯುವವರು ಭಾವ.

ಜೂನ್‌ನಲ್ಲಿ ಎಲ್ಲರಿಗೂ ಮಿತಿ ಹಾಕಿದರು. ಹಾಕಿದ್ದೇ ತಡ, ದೊಡ್ಡವರೆಲ್ಲ ಫೋನ್ ಮಾಡಿ ಅವರ ತಲೆ ತಿಂದರು. ಪ್ರಾಂಶುಪಾಲರಿಗೆ ಮಿತಿ ಬೇಡ, ಕಚೇರಿ ಮುಖ್ಯಸ್ಥರಿಗೆ ಬೇಡ, ಮಧ್ಯಾಹ್ನ ಸಿನಿಮಾ ನೋಡುವ ಉಗ್ರಾಣದವರಿಗೂ ಬೇಡ. ಅತ್ತವರಿಗೆಲ್ಲ ಹಾಲು.

ಅದೇ ವಾರ ಇನ್ನೊಂದು ಹೆಸರೂ ಬಂತು. ಕಿವಿ ಕೇಳದ ಒಬ್ಬ ವಿದ್ಯಾರ್ಥಿನಿಯದು. ತರಗತಿಯ ಪಾಠವನ್ನು ಬೇರೆಲ್ಲೋ ಕೂತ ಒಬ್ಬ ಮಹಿಳೆ ಕೇಳಿಸಿಕೊಂಡು, ಇವಳ ಲ್ಯಾಪ್‌ಟಾಪಿನ ಪರದೆಯಲ್ಲಿ ಸನ್ನೆಭಾಷೆಯಲ್ಲಿ ಹೇಳುತ್ತಿದ್ದರು. ವರ್ಷದ ಪರೀಕ್ಷೆ ಪಾಸಾಗದಿದ್ದರೆ ಸೀಟು ಹೋಗುತ್ತಿತ್ತು. ಭಾವ ಅವಳಿಗೂ ವಿನಾಯಿತಿ ಬರೆದರು.

"ದೊಡ್ಡೋರದೇ ಕಾಟ ಕಣಮ್ಮ. ಆ ಹುಡುಗಿ ನೋಡು, ಐದು ತಿಂಗಳಾಯ್ತು, ಒಂದು ದೂರಿಲ್ಲ," ಎಂದು ಊಟಕ್ಕೆ ಕೂತಾಗೆಲ್ಲ ಹೊಗಳುತ್ತಿದ್ದರು.

ಮೊನ್ನೆ ಅವಳು ಲೈಬ್ರರಿಗೆ ಬಂದು, ಪಾಠ ಅರ್ಧಂಬರ್ಧ ಸಿಗುತ್ತಿದೆ, ಪುಸ್ತಕ ಬೇಕು ಎಂದು ಚೀಟಿಯಲ್ಲಿ ಬರೆದಳು. ನಡೆಯುತ್ತಿದ್ದ ತರಗತಿಯಿಂದ ಎದ್ದು ಬಂದಿದ್ದಳು; ಆ ಪಾಠ ಇನ್ನೂ ಬರುತ್ತಿದ್ದ ಲ್ಯಾಪ್‌ಟಾಪಿನ ಪರದೆ ತೋರಿಸಿದಳು. ಆ ಹೆಂಗಸಿನ ಕೈ ಗಾಳಿಯಲ್ಲೇ ನಿಂತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲಿಗೋ ಹಾರಿತು, ಮತ್ತೆ ನಿಂತಿತು.

ನಾನು ಹೋಗಿ ಭಾವನನ್ನು ದರದರ ಎಳೆದುಕೊಂಡು ಬಂದೆ. ಅವರು ಪಟ್ಟಿ ತೆರೆದು ನೋಡಿ ತಣ್ಣಗಾದರು. ಸರ್ವರ್ ಪಟ್ಟಿಯನ್ನು ಮೇಲಿನಿಂದ ಓದುತ್ತದೆ, ಆ ವ್ಯಕ್ತಿಗೆ ಅನ್ವಯಿಸುವ ಮೊದಲ ಸಾಲಿನಲ್ಲೇ ನಿಂತುಬಿಡುತ್ತದೆ. ದೊಡ್ಡವರ ಹೆಸರುಗಳೆಲ್ಲ ಮೇಲಿದ್ದವು. ಅವಳ ಹೆಸರು 'ಎಲ್ಲರಿಗೂ ಮಿತಿ' ಎಂಬ ಸಾಲಿನ ಕೆಳಗಿತ್ತು. ಸರ್ವರ್ ಅಲ್ಲಿಯ ತನಕ ಒಮ್ಮೆಯೂ ಇಳಿದಿರಲಿಲ್ಲ.

"ಬರೆದಿದೀನಲ್ಲ," ಎಂದರು ಭಾವ.

"ಬರೆದ್ರೆ ಸಾಕಾ ಭಾವ? ಉಗ್ರಾಣದವ್ರ ಸಿನಿಮಾ ಓಡುತ್ತಾ ಅಂತ ಎರಡು ಸಲ ಹೋಗಿ ನೋಡ್ಕೊಂಡು ಬಂದ್ರಿ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮೇಲಷ್ಟೇ ಅಲ್ಲ, ದಿನಾ ಆ ಹೊಗಳಿಕೆ ಕೇಳಿ ತಲೆಯಾಡಿಸಿದ ನನ್ನ ಮೇಲೂ.

ಭಾವ ಆ ಸಾಲನ್ನು ಮೇಲಕ್ಕೆ ತಂದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಪರದೆಯ ಕೈಗಳು ಸರಾಗವಾಗಿ ಓಡತೊಡಗಿದವು. ಹುಡುಗಿ ಕಣ್ಣರಳಿಸಿ ನೋಡಿದಳು. ಆಮೇಲೆ ಚೀಟಿ ಎಳೆದುಕೊಂಡು ಬರೆದು ಭಾವನ ಮುಂದಿಟ್ಟಳು.

"ಇದು ಇಷ್ಟು ಚೆನ್ನಾಗಿ ಬರುತ್ತೆ ಅಂತ ಗೊತ್ತಿರಲಿಲ್ಲ ಸಾರ್. ಎಲ್ಲ ನನ್ನ ದಡ್ಡತನ ಅಂದುಕೊಂಡಿದ್ದೆ. ಪರೀಕ್ಷೆಗೆ ಒಂಬತ್ತು ದಿನ ಇದೆ, ಹಳೆ ಪಾಠ ಮತ್ತೆ ಹೇಳ್ತಾರಾ?"

ಭಾವ ನನ್ನ ಮುಖ ನೋಡಿದರು. ನಾನು ಪೆನ್ನನ್ನು ಅವರ ಕೈಗೇ ಕೊಟ್ಟೆ.