ಮೂರು ಕಲ್ಲಿನ ಒಲೆ

ಹೊಗೆ ವಾಸನೆ ಹತ್ತಿದ ಚಹಾ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಿನ್ನೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದೆ ಯಾರೋ ಪುಣ್ಯಾತ್ಮ, ಗ್ಯಾಸು ತೀರಿತೆಂದು ಕಟ್ಟಿಗೆ ಒಲೆ ಹೂಡಿ ಚಹಾ ಮಾಡಿಕೊಟ್ಟ. ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟೆ. ಜೊತೆಗಿದ್ದ ಹೆಂಡತಿಗೆ ಕಥೆ ಗೊತ್ತು. ನಿಮಗೆ ಹೇಳುತ್ತೇನೆ. ನಗು ಬಂದಲ್ಲಿ ನಗಿ, ಮುಲಾಜು ಬೇಡ.

ಮುಗಳಖೋಡದ ಹತ್ತಿರ ನಮ್ಮ ಹೊಲವಿದೆ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಹೊಲದಲ್ಲೇ ಕೂರಿಸಿ ಮಣ್ಣು ಕೊಡುತ್ತೇವೆ. ಬಾವಿಯ ಆಚೆಗಿನ ಮೂಲೆಯಲ್ಲಿ ನಾಲ್ಕು ತಲೆಮಾರು ಹೀಗೆ ಕೂತಿದೆ. ಯಾವ ಗೋರಿಯ ಮೇಲೂ ಹೆಸರಿರಲಿಲ್ಲ. ಬೇವಿನ ಬುಡಕ್ಕಿರುವವನು ಮುತ್ತಜ್ಜ, ಬದುವಿಗೆ ಆತುಕೊಂಡವಳು ಅವನ ಎರಡನೆಯ ಹೆಂಡತಿ, ಹೀಗೆ ಹೆಂಗಸರು ಗದ್ದ ಎತ್ತಿ ತೋರಿಸಿದರೆ ಮುಗಿಯಿತು. ನಾನೋ, ಕಾಲೇಜಿನ ಆಫೀಸಿನಲ್ಲಿ ಮೂವತ್ತು ವರ್ಷ ಕಾರಕೂನನಾಗಿದ್ದವನು. ಬಾಗಿಲಿಗೆ ಬೋರ್ಡು ಇಲ್ಲದಿದ್ದರೆ ಒಳಗೆ ಪ್ರಿನ್ಸಿಪಾಲರು ಕೂತಿದ್ದರೂ ಇಲ್ಲವೆಂದೇ ನಂಬುವ ಜಾತಿ. ನಿವೃತ್ತನಾದ ವರ್ಷವೇ ಆ ಮೂಲೆಯನ್ನು ಉದ್ಧಾರ ಮಾಡಲು ಹೊರಟೆ. ಸತ್ತವರು ಯಾರೂ ಅರ್ಜಿ ಹಾಕಿರಲಿಲ್ಲ.

ಹೊಲ ನೋಡಿಕೊಳ್ಳುವವನು ದೊಡ್ಡವ್ವನ ಮಗ ಮಲ್ಲಪ್ಪ. ದೊಡ್ಡವ್ವ ಎಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ ಗೌರವ್ವ, ಎಂಬತ್ತು ದಾಟಿದವಳು. ಆಗ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಅಥಣಿಯಲ್ಲಿ ಮಗಳ ಮನೆಯಲ್ಲಿದ್ದಳು. ಊರಿಗೆ ಬಂದಾಗ ಅವಳ ಹೊಸ ಕಣ್ಣಿಗೆ ಎಲ್ಲ ಥಳಥಳ ಕಾಣಲಿ ಎಂಬುದು ನನ್ನ ಆಸೆ. ಅವಳನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಿದರೆ ಅದು ಕಾರಕೂನಿಕೆ ಹೇಗಾದೀತು?

ಜೆಸಿಬಿ ತರಿಸಿ ಮುಳ್ಳುಕಂಟಿ ಕೀಳಿಸಿದೆ, ನೆಲ ಸಪಾಟು ಮಾಡಿಸಿದೆ, ಗೌಂಡಿಯಿಂದ ಸುತ್ತ ಗೋಡೆ ಕಟ್ಟಿಸಿ ಒಳಗೆ ಫರಸಿಕಲ್ಲು ಹಾಸಿಸಿದೆ. ಗೋರಿಗೊಂದು ಗ್ರಾನೈಟ್ ಹಲಗೆ. ಯಾವುದು ಯಾರದೆಂದು ನಾನೂ ಮಲ್ಲಪ್ಪನೂ ಜಗಳಾಡಿ ತೀರ್ಮಾನ ಮಾಡಿದೆವು. ಮುತ್ತಜ್ಜನ ಇಬ್ಬರು ಹೆಂಡಿರ ಹೆಸರು ಅದಲುಬದಲಾಗಿದ್ದು ಆಮೇಲೆ ಗೊತ್ತಾಯಿತು. ಬದುಕಿದ್ದಾಗ ಒಬ್ಬರ ಹೆಸರು ಇನ್ನೊಬ್ಬರ ಬಾಯಲ್ಲಿ ಬರುತ್ತಿರಲಿಲ್ಲವಂತೆ, ಈಗ ಎದೆಯ ಮೇಲೆ ಹೊತ್ತು ಕೂತಿದ್ದಾರೆ. ಕೊನೆಗೆ ಖಾಲಿ ಇದ್ದ ಪಡುವಣ ಬದಿಯಲ್ಲಿ ಎಲ್ಲಕ್ಕಿಂತ ಎತ್ತರದ ಒಂದು ಕಲ್ಲು ನಿಲ್ಲಿಸಿದೆ. ಅದರ ಮೇಲೆ "ಜೀರ್ಣೋದ್ಧಾರ ಮಾಡಿಸಿದವರು" ಎಂದು ಬರೆಸಿ, ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು.

ಕೆಲಸ ಶುರುವಾದ ದಿನವೇ ಕಂಟಿಯ ನಡುವೆ ಮಸಿ ಹಿಡಿದ ಮೂರು ಗುಂಡುಕಲ್ಲು ಸಿಕ್ಕಿದ್ದವು, ಒಲೆ ಹೂಡಿದ ಹಾಗೆ. ಆಳುಗಳು ಅಡಿಗೆ ಮಾಡಿಕೊಂಡ ಒಲೆ ಎಂದು ನಾನೇ ತೀರ್ಪು ಕೊಟ್ಟೆ. ಅವನ್ನು ಬೇವಿನ ನೆರಳಿಗೆ ತಂದು, ಬೆಂಕಿ ಹಾಕಿ, ಕೆಲಸ ಮುಗಿಯುವತನಕ ಅವುಗಳ ಮೇಲೆಯೇ ಚಹಾ ಕಾಸಿ ಕುಡಿದೆವು. ಕೊನೆಗೆ ಗೌಂಡಿ ಅವನ್ನು ಗೋಡೆಯಲ್ಲಿ ಹಾಕಿಬಿಟ್ಟ.

ಮಹಾನವಮಿಯ ಮುಂಚಿನ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯಲು ಎಲ್ಲರೂ ಹೋದೆವು. ದೊಡ್ಡವ್ವ ಕೋಲೂರಿಕೊಂಡು ಒಳಗೆ ಬಂದಳು. ನಾನು ಹೊಗಳಿಕೆಗೆ ಕಿವಿ ತೆರೆದು ನಿಂತಿದ್ದೆ. ಅವಳು ಫರಸಿಯನ್ನೂ ನೋಡಲಿಲ್ಲ, ಗ್ರಾನೈಟನ್ನೂ ನೋಡಲಿಲ್ಲ.

"ಇಲ್ಲೆ ಮೂರ ಗುಂಡ ಇದ್ದುವಲ್ಲಪಾ, ಎಲ್ಲಿ ಹೋದುವು?"

ಆಳುಗಳ ಒಲೆ ತಾನೆ ದೊಡ್ಡವ್ವಾ, ಅದರ ಮೇಲೆ ನಾವೂ ಭರ್ಜರಿ ಚಹಾ ಕುಡಿದೆವು ಎಂದು ನಕ್ಕೆ.

"ಅದು ಒಲಿ ಅಲ್ಲೋ ಯಪ್ಪಾ," ಅಂದಳು. "ನನ್ನ ಕೂಸು."

ಮಲ್ಲಪ್ಪ ಹುಟ್ಟುವ ಮೊದಲು ಅವಳಿಗೊಂದು ಹೆಣ್ಣು ಕೂಸು ಆಗಿ ಹನ್ನೊಂದು ದಿನಕ್ಕೇ ಹೋಗಿತ್ತಂತೆ. ಎಳೆಗೂಸಿಗೆ ಗೋರಿ ಕಟ್ಟುವ ಪದ್ಧತಿಯಿಲ್ಲ. ಅದರ ಹೆಸರಲ್ಲಿ ಅಳುವುದೂ ಬೇಡ ಎಂದಿದ್ದಳಂತೆ ಅತ್ತೆ. ಇವಳು ಮೇವಿಗೆ ಬಂದಾಗೆಲ್ಲ ಬಾವಿಕಟ್ಟೆಯಿಂದ ಹನ್ನೆರಡು ಹೆಜ್ಜೆ ಎಣಿಸಿ, ಅಲ್ಲಿ ಗಳಿಗೆ ಹೊತ್ತು ನಿಂತು ಹೋಗುತ್ತಿದ್ದಳು. ಆಮೇಲೆ ಯಾರೂ ಏನೂ ಕೇಳಬಾರದೆಂದು ಒಲೆಯ ಹಾಗೆ ಮೂರು ಕಲ್ಲು ಹೂಡಿ, ಮಸಿಯನ್ನೂ ಬಳಿದಿದ್ದಳು. ಅರವತ್ತು ವರ್ಷ ಆ ಉಪಾಯ ಎಲ್ಲರನ್ನೂ ಯಾಮಾರಿಸಿತು, ಓದಿದ ನನ್ನನ್ನೂ.

"ನನ್ನ ಅದರ ಬಾಜೂಕ ಇಡ್ರಿ ಅಂತ ಮಲ್ಲಪ್ಪಗ ಇವತ್ತ ಹೇಳಾವಕಿ ಇದ್ದೆ," ಅಂದಳು. "ಈಗ ಎಲ್ಲೆ ಅಂತ ಹೇಳ್ಲಿ?"

ಕಲ್ಲು ಎತ್ತಿದ ಜಾಗ ನನಗೂ ನೆನಪಿಲ್ಲ, ಸಪಾಟಾದ ನೆಲದಲ್ಲಿ ಮಲ್ಲಪ್ಪನಿಗೂ ಗುರುತು ಹತ್ತಲಿಲ್ಲ. ನಾಚಿಕೆಯಿಂದ ಸತ್ತುಹೋದೆ. ಕೂರಲು ಅಲ್ಲಿ ಜಾಗಕ್ಕೇನೂ ಕೊರತೆಯಿರಲಿಲ್ಲ.

ದೊಡ್ಡವ್ವ ಬಾವಿಕಟ್ಟೆಗೆ ಹೋಗಿ ಕೋಲೂರುತ್ತ ಹನ್ನೆರಡು ಹೆಜ್ಜೆ ಹಾಕಿದಳು. ಗೋಡೆಯನ್ನೂ ಮುಟ್ಟಲಿಲ್ಲ. ಈ ಹೆಜ್ಜೆ ಆಗಿನದಲ್ಲ ಎಂದು ತಲೆಯಾಡಿಸಿ ನನ್ನ ಸೊಸೆಯನ್ನು ಕರೆದಳು. ಚಪ್ಪಲಿ ಕಳೆ, ತಲೆಯ ಮೇಲೆ ಮೇವಿನ ಹೊರೆ ಇದೆ ಎಂದು ತಿಳಿದುಕೊಂಡು ನಡೆ ಎಂದಳು. ಸೊಸೆ ಇಲ್ಲದ ಹೊರೆಗೆ ಕೈ ಎತ್ತಿ ಹಿಡಿದು, ಗೋಡೆಯ ಬಾಗಿಲು ದಾಟಿ ನಡೆದಳು. ನಾವೆಲ್ಲ ಬಾಯಿಬಿಟ್ಟು ಎಣಿಸಿದೆವು. ಹನ್ನೆರಡನೆಯ ಹೆಜ್ಜೆಗೆ ಅವಳ ಕಾಲು ಹೋಗಿ ನಿಂತದ್ದು ನನ್ನ ಹೆಸರಿನ ಕಲ್ಲಿನ ಬುಡಕ್ಕೆ.

ದೊಡ್ಡವ್ವ ಅಲ್ಲಿಯೇ ಕೂತು ಫರಸಿಯ ಮೇಲೆ ಅಂಗೈ ಇಟ್ಟಳು. ನಾಳೆಯೇ ಈ ಕಲ್ಲು ಕೀಳಿಸುತ್ತೇನೆ ಎಂದು ತೊದಲಿದೆ.

"ಬ್ಯಾಡ ಬಿಡು," ಅಂದಳು. "ತೊಟ್ಟಿಲಕ್ಕ ಹಾಕೂ ಮೊದಲ ಹೋತು ಅದು. ಹೆಸರ ಇಟ್ಟಿರಲಿಲ್ಲ. ನಿಂದಾದ್ರೂ ಒಂದ ಹೆಸರ ಇರ್ಲಿ ಮ್ಯಾಲ."

ಕಲ್ಲು ಕೀಳಿಸಲಿಲ್ಲ. "ಜೀರ್ಣೋದ್ಧಾರ ಮಾಡಿಸಿದವರು" ಎಂಬುದನ್ನಷ್ಟೇ ಉಳಿಯಿಂದ ಕೆತ್ತಿ ತೆಗೆಸಿದೆ. ಅದರ ಬಾಜೂಕಿನ ಎರಡು ಫರಸಿ ಎಬ್ಬಿಸಿ ಮಣ್ಣು ಹಾಗೇ ಬಿಟ್ಟಿದ್ದೇವೆ, ದೊಡ್ಡವ್ವನಿಗೆ. ಅವಳು ಗಟ್ಟಿಯಾಗಿಯೇ ಇದ್ದಾಳೆ. ಹೋದ ವಾರ ನಾನು ಅಲ್ಲಿ ಕಸ ಗುಡಿಸುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಒಳಗೆ ಬಂದು, ನನ್ನ ಹೆಸರು ಓದಿ, ಕೈ ಮುಗಿದು ಕೇಳಿದರು.

"ಇವ್ರು ಹೋಗಿ ಭಾಳ ದಿನ ಆತೇನ್ರಿ?"

"ಭಾಳ ದಿನ ಆತ್ರಿ," ಎಂದೆ. "ಹನ್ನೊಂದ ದಿನದ ಕೂಸು."