ಮಳೆಗಾಲದಲ್ಲಿ ಬರಿದು ಮಾಡಿದ ಕೊಳ

ಹೆಂಡತಿ ಮುನಿಸಿಕೊಂಡರೆ ಮುಸೋನಿಗೆ ವಾರವಾದರೂ ತಿಳಿಯುವುದಿಲ್ಲ, ಕೊಳ ಮುನಿಸಿಕೊಂಡರೆ ಗೇಟಿನಲ್ಲೇ ಮೂಸಿ ಹೇಳುತ್ತಾನೆ ಎಂದು ನಮ್ಮ ಬೀದಿಯವರು ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡವಳೇ. ಪಕ್ಕದ ಮನೆಯ ಅಡುಗೆಯವಳು ನಾನು, ಬೇಲಿಯಾಚೆ ಅವನನ್ನು ನೋಡದ ದಿನವಿಲ್ಲ.

ಗುಂಬೊ ದೊರೆಯ ಮನೆಯ ತೋಟದ ಆ ಈಜುಕೊಳವನ್ನು ಅವನೇ ಅಗೆದದ್ದು. ದೊರೆ ಬದುಕಿದ್ದಾಗ ಪಿಕಾಸಿ ಹಿಡಿದು ಇಳಿದವನು, ಕಂಬಿ ಕಟ್ಟಿ, ಗಾರೆ ಬಳಿದು, ನೀರು ತುಂಬಿಸಿಯೇ ಮೇಲೆ ಬಂದ. ಆಮೇಲೆ ಇಪ್ಪತ್ತೆರಡು ವರ್ಷ ಅದನ್ನು ಬಿಟ್ಟು ಕದಲಲಿಲ್ಲ. ತೋಟದ ಹಿಂದಿನ ಕೋಣೆಯಲ್ಲೇ ಸಂಸಾರ. ಬೆಳಿಗ್ಗೆ ಉದ್ದನೆಯ ಬಲೆಯಿಂದ ಜಕರಾಂಡ ಹೂ ಬಾಚುವುದು, ಔಷಧಿ ಹಾಕುವುದು, ಅಂಚು ಉಜ್ಜುವುದು. ಹರಾರೆಯ ನಲ್ಲಿಗಳು ಒಣಗಿದ ದಿನಗಳಲ್ಲಿ ಕಕ್ಕಸಿಗೆ ಸುರಿಯಲು ನಾವೆಲ್ಲ ಅಲ್ಲಿಂದಲೇ ಬಕೆಟ್ ತುಂಬಿಕೊಳ್ಳುತ್ತಿದ್ದೆವು. ವಯಸ್ಸಾದಂತೆ ಎಲ್ಲರೂ ಅವನನ್ನು ಸೇಕುರು, ಅಂದರೆ ಅಜ್ಜ, ಎನ್ನತೊಡಗಿದರು. ಈ ಕೊಳ ಕಟ್ಟಿದವನು ನಾನು ಎಂಬ ಮಾತೊಂದೇ ಅವನ ಆಸ್ತಿ.

ಆ ಜನವರಿಯಲ್ಲಿ ದೊರೆಯ ಹೆಂಡತಿ ಗುಂಬೊ ಅಮ್ಮನ ಮಗಳಿಗೆ ಗಂಡು ಗೊತ್ತಾಯಿತು. ಶನಿವಾರ ಗಂಡಿನವರು ಹೆಣ್ಣಿಗೆ ಕೊಡುವ ತೆರದ ಮಾತಿಗೆ ಬರುವವರಿದ್ದರು. ಅಷ್ಟರಲ್ಲಿ ಕರೆಂಟಿಲ್ಲದೆ ಪಂಪು ನಿಂತು ಕೊಳ ಪಾಚಿಗಟ್ಟಿತು.

"ಐದು ದಿನ ಕೊಡಿ, ಕನ್ನಡಿ ಮಾಡಿ ಕೊಡ್ತೀನಿ" ಎಂದ ಮುಸೋನಿ.

ಅಮ್ಮನ ತಮ್ಮ ವೆಲಿಂಗ್ಟನ್ ಜೋಹಾನ್ಸ್‌ಬರ್ಗಿನಿಂದ ಬಂದಿದ್ದ. "ಐದು ದಿನ ಯಾಕಜ್ಜ? ನೀರೆಲ್ಲ ಹೊರಗೆ ಚೆಲ್ಲು, ಉಜ್ಜು, ನೀಲಿ ಬಳಿ, ಟ್ಯಾಂಕರ್ ನೀರು ಬಿಡು. ನಮ್ಮಲ್ಲಿ ಎರಡು ದಿನದ ಕೆಲಸ ಅದು."

"ನಿಮ್ಮಲ್ಲಿ ಗುಡ್ಡ ಇರಬಹುದಪ್ಪ, ಇದು ಜವುಗು. ಮೂರು ವಾರದಿಂದ ಮಳೆ ಹೊಡೀತಿದೆ, ನೆಲದೊಳಗೆಲ್ಲ ನೀರೇ. ಒಳಗಿನ ನೀರಿನ ಭಾರಕ್ಕೆ ಕೊಳ ಕೂತಿದೆ. ಅದನ್ನ ತೆಗೆದ್ರೆ ದೋಣಿ ಥರ ಮೇಲೆದ್ದು ಬರತ್ತೆ."

"ಏನಂದೆ? ಸಿಮೆಂಟಿನ ಕೊಳ ತೇಲತ್ತಾ?" ವೆಲಿಂಗ್ಟನ್ ಹೊಟ್ಟೆ ಹಿಡಿದು ನಕ್ಕ. "ಅಕ್ಕಾ, ನಿನ್ನ ಸೇಕುರು ಬೆಳಿಗ್ಗೇನೇ ಹಾಕ್ಕೊಂಡವ್ನೆ!"

"ಮಳೆ ಮುಗಿಯೋವರೆಗೂ ಮುಟ್ಟಬೇಡಿ ತಾಯಿ. ಕೈ ಮುಗೀತೀನಿ" ಎಂದ ಮುಸೋನಿ. ಅಮ್ಮ ತಮ್ಮನ ಮುಖ ನೋಡಿ ಒಳಗೆ ಹೋದಳು.

ಬುಧವಾರ ಅವನನ್ನು ಕೋಳಿ ತರಲು ಎಂಬಾರೆ ಸಂತೆಗೆ ಅಟ್ಟಿದರು. ಕಾಲು ಕಟ್ಟಿದ ಆರು ಕೋಳಿ ಹೊತ್ತು ಬರುವಷ್ಟರಲ್ಲಿ ಬಾಡಿಗೆಯ ಡೀಸೆಲ್ ಪಂಪು ಕೆಲಸ ಮುಗಿಸಿತ್ತು. ಕೊಳದ ತಳದಲ್ಲಿ ಮೊಣಕಾಲುದ್ದ ಕೆಸರು, ಅದರಲ್ಲಿ ವಟಗುಟ್ಟುವ ಕಪ್ಪೆಗಳು. ಅವನು ಕೋಳಿಗಳನ್ನು ಕೈಬಿಟ್ಟ.

"ಕಳ್ಳರು! ನನ್ನನ್ನ ಕೋಳಿಗೆ ಕಳಿಸಿ ನನ್ನ ಕೊಳದ ಕತ್ತು ಕೊಯ್ದ್ರಲ್ಲೋ!"

ಬೋರಿನ ಟ್ಯಾಂಕಿಯ ಪೈಪು ಎಳೆದು ತಂದು ನೀರು ಬಿಡಲು ಹೋದರೆ ವೆಲಿಂಗ್ಟನ್ ಪೈಪನ್ನು ತುಳಿದು ನಿಂತ. "ಉಜ್ಜಿ ಬಣ್ಣ ಬಳೀಬೇಕು ಮುದುಕಾ, ಆಚೆ ಹೋಗು."

ಗುರುವಾರವಿಡೀ ಮಳೆ. ಶುಕ್ರವಾರ ಬೆಳಗಾದಾಗ ಕೊಳದ ಆಳದ ತುದಿ ನೆಲದಿಂದ ಮೊಳದುದ್ದ ಮೇಲೆದ್ದಿತ್ತು. ಅಂಚಿನ ಹಾಸುಗಲ್ಲುಗಳು ಮುರಿದ ಹಲ್ಲಿನಂತೆ ನಿಂತಿದ್ದವು. ನಡುವೆ ನನ್ನ ಅಂಗೈ ತೂರುವಷ್ಟು ಬಿರುಕು. ಆಗ ಟ್ಯಾಂಕರಿಗೆ ಫೋನು ಮಾಡಿದರು! ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆ ದಿನ ಮುಸೋನಿಯ ಹೆಂಡತಿ ನನ್ನ ಹತ್ತಿರ, "ಅಮ್ಮ ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ಸಾಕು, ಇವರು ಮತ್ತೆ ಅಗೀತಾರೆ" ಎಂದಳು.

ಶನಿವಾರ ಗಂಡಿನವರು ಬಂದರು. ಅಡುಗೆಗೆ ಕರೆಸಿಕೊಂಡಿದ್ದರಿಂದ ನಾನು ಅವರ ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಜೋಳದ ಮುದ್ದೆ ತಿರುವುತ್ತಿದ್ದೆ. ಮುಸೋನಿ ತನ್ನ ಒಳ್ಳೆಯ ಕೋಟು ತೊಟ್ಟು, ಹಿರಿಯರ ಕೈಗೆ ಹೂಜಿಯಿಂದ ನೀರು ಹನಿಸುತ್ತ ಸಾಲಿನಲ್ಲಿ ಬರುತ್ತಿದ್ದ. ಗಂಡಿನ ಕಡೆಯ ಮಧ್ಯಸ್ಥ ಚಾಪೆಯ ಮೇಲಿನಿಂದಲೇ ತೋಟ ನೋಡಿ, "ಅದೇನದು, ಗೋರಿಯಾ?" ಎಂದ.

"ಈಜುಕೊಳ ಮಾವ" ಎಂದು ವೆಲಿಂಗ್ಟನ್ ನಕ್ಕ. "ಯಾವನೋ ಕೆಲಸ ಬಾರದ ಗಾರೆಯವನು ಕಟ್ಟಿದ್ದು. ಒಂದು ಮಳೆಗೇ ಬಾಯಿ ಬಿಡ್ತು."

ಹೂಜಿ ನಿಂತಿತು. ಮುಸೋನಿ ಅಮ್ಮನ ಕಡೆ ತಿರುಗಿದ. "ತಾಯಿ, ನೀವು ಹೇಳಿ. ಯಾರು ಕೆಡಿಸಿದ್ದು?"

ಬೀಗರ ಎದುರು ತಮ್ಮನ ಮಾನವೋ, ಆಳಿನ ಮಾನವೋ! ಅಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡಳು. "ಹಳೇ ಕೆಲಸ ಅಲ್ವಾ ಸೇಕುರು, ಗಟ್ಟಿ ಇರಲಿಲ್ಲ ಬಿಡು. ನೀರು ಕೊಡು, ಹಿರಿಯರು ಕಾಯ್ತಿದಾರೆ."

ನನ್ನ ಕೈಯಲ್ಲಿ ಮುದ್ದೆಯ ಕೋಲಿತ್ತು. ಅದನ್ನೆತ್ತಿ ಬೀಸಲಿಲ್ಲವಲ್ಲ ಎಂದು ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಮುಸೋನಿ ಹೂಜಿಯನ್ನು ವೆಲಿಂಗ್ಟನ್‌ನ ಮುಂದೆ ಕುಕ್ಕಿದ. "ಹಿರಿಯರೇ ಕೇಳಿ. ಇದನ್ನ ಕಟ್ಟಿದವನು ನಾನು. ಇಪ್ಪತ್ತೆರಡು ಮಳೆಗಾಲ ಕೂದಲೆಳೆಯಷ್ಟೂ ಸೀಳಿರಲಿಲ್ಲ. ಬೇಡ ಅಂದ್ರೂ ಮಳೇಲಿ ಬರಿದು ಮಾಡಿದವನು ಇವನು. ಬಾಯಿ ಮುಚ್ಕೊಂಡು ನೋಡಿದವಳು ಇವಳು. ಇಂಥ ಮನೆಯ ಹೆಣ್ಣು ತರೋ ಮುಂಚೆ ಇವರ ಮಾತಿನ ಬೆಲೆ ಕೇಳ್ಕೊಳ್ಳಿ."

ಮಧ್ಯಸ್ಥನೊಬ್ಬನೇ, ಹಿರಿಯನ ಮಾತು ಮುಗಿದಾಗ ಮಾಡುವಂತೆ, ಎರಡೂ ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದ.

"ಸೇಕುರು, ಕೂತ್ಕೋ, ಊಟ ಮಾಡು" ಎಂದಳು ಅಮ್ಮ.

"ನಿನ್ನ ಊಟ ನೀನೇ ಉಣ್ಣು."

ಹಿಂದಿನ ಕೋಣೆಯಿಂದ ಹೆಂಡತಿ ಹಾಸಿಗೆ ಸುತ್ತಿಕೊಂಡು ಬಂದಳು. ಆಳುಗಳ ಕಿರುಬಾಗಿಲು ಅವಳಿಗೆ ಹತ್ತಿರವಿತ್ತು. ಅವನು ಅವಳ ಮೊಣಕೈ ಹಿಡಿದು ತಿರುಗಿಸಿದ. ಬೀಗರ ಚಾಪೆಗಳ ನಡುವೆ, ಒಬ್ಬರಿಗೂ ದಾರಿ ಕೇಳದೆ ನಡೆದು, ಕಾರುಗಳು ಬರುವ ದೊಡ್ಡ ಗೇಟನ್ನು ಎರಡೂ ಬದಿಗೆ ಹಾರುಹೊಡೆದು ತೆಗೆದು, ಹಾಗೇ ಬಿಟ್ಟು ಹೋದ.